ಹಡಗಿನವರಿಗೆ ಬೆಂಚು ಬಿಡದ ಬೆಳಿಗ್ಗೆ

೧೯೯೬ರಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಫೇಲಾಗಿ ಅಲ್ಲ, ಕಾಪುವಿನ ಹೋಟೆಲೊಂದರಲ್ಲಿ ಬಾಣಲೆ ಮುಂದೆ ನಿಲ್ಲಲು ಜನ ಬೇಕಿತ್ತು. ಅಂದಿನಿಂದ ನನ್ನ ಕೈಯ ಬನ್ಸನ್ನು ಯಾರೂ ಬೇಡ ಅಂದದ್ದಿಲ್ಲ. ಕಳೆದ ಚಳಿಗಾಲ ಇಲ್ಲಿ ಬಹ್ರೈನಿನ ಮುಹರ್ರಕ್‌ನಲ್ಲಿ, ನನ್ನ ಕೆಫೆಟೇರಿಯದ ಮುಂದೆ ಪ್ರವಾಸಿ ಹಡಗಿನ ಬಿಳಿಯರು ಒಂದು ಬಸ್ಸು ತುಂಬ ಬಂದು ಇಳಿದರು. ಟಾಯ್ಲೆಟ್ ಕೇಳಿದರು, ಫೋಟೋ ಹೊಡೆದರು, ಹೋದರು. ಬಿಸಿ ಬನ್ಸಿನ ಕಡೆ ಒಬ್ಬರೂ ತಿರುಗಲಿಲ್ಲ.

ಊರಿನಿಂದ ಫೋನಿನಲ್ಲಿ ನೀವೆಲ್ಲ ಕೇಳುತ್ತೀರಿ, "ಅಷ್ಟು ದೊಡ್ಡ ಹಡಗು ಬರ್ತದಂತೆ, ನಿನಗೆ ಭರ್ಜರಿ ವ್ಯಾಪಾರ ಅಲ್ವಾ ಮಾರಾಯ?" ಮಂಗಳೂರಿಗೆ ಹಡಗು ಬಂದಾಗ ಚೆಂಡೆ ಬಡಿದು ಸ್ವಾಗತಿಸುವ ಚಿತ್ರ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ನೋಡಿ ಕೇಳುವುದು. ಹಡಗಿನವರ ಊಟ ಹಡಗಿನಲ್ಲೇ, ಟಿಕೆಟಿನಲ್ಲೇ ಸೇರಿದ್ದು. ನಿದ್ದೆಯೂ ಅಲ್ಲೇ. ಬಸ್ಸು ಎಲ್ಲಿ ನಿಲ್ಲಬೇಕೆಂದು ಟೂರ್ ಏಜೆನ್ಸಿ ಹೇಳುತ್ತದೆ. ನಮ್ಮ ಓಣಿಗೆ ದಕ್ಕುವುದು ಧೂಳು. ಆದರೂ ಹಡಗಿನ ಹೆಸರು ಹೇಳಿಯೇ ಕಟ್ಟಡದ ಮಾಲೀಕ ಬಾಡಿಗೆ ಏರಿಸಿದ. ಇವತ್ತಲ್ಲ ನಾಳೆ ಬಸ್ಸಿನವರು ತಿಂದಾರು, ಅಂಗಡಿ ಉಳಿದೀತು ಎಂದು ನಾನೂ ಒಪ್ಪಿದೆ.

ನನ್ನ ನಿಜವಾದ ಗಿರಾಕಿ ಬೂ ರಾಶಿದ್, ದಿನಾ ಬೆಳಿಗ್ಗೆ ಜೊತೆಯ ಅಜ್ಜಂದಿರೊಂದಿಗೆ ನನ್ನ ಬೆಂಚಿನಲ್ಲಿ ಕೂರುವವರು. ಅಂದರೆ ರಾಶಿದನ ಅಪ್ಪ. ಇಲ್ಲಿ ಹಿರಿಯರನ್ನು ಮಗನ ಹೆಸರಿನಿಂದ ಕರೆಯುವುದು. ಹೊಸದರಲ್ಲಿ ಭಾಷೆ ಬಾರದೆ ಮೂಗನಂತಿದ್ದ ನನಗೆ, "ಶ್ಲೋನಕ್" ಅಂದರೆ "ಹೇಗಿದ್ದೀ" ಎಂದು ಕಲಿಸಿದವರು ಅವರು. ಊರಲ್ಲಿ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುತ್ತೇವೆ. ಇಲ್ಲಿ ಗಹ್ವಾ, ಹಾಲಿಲ್ಲದ ಏಲಕ್ಕಿ ಕಾಫಿ. ಸಾಕೆಂದು ಬಂದವರು ಕಪ್ಪು ಅಲ್ಲಾಡಿಸುವ ತನಕ ಸುರಿಯುತ್ತಲೇ ಇರಬೇಕು. ಕೂತವನನ್ನು ಎಬ್ಬಿಸುವ ಪದ್ಧತಿ ಎರಡೂ ಕಡೆ ಇಲ್ಲ.

ಏಜೆನ್ಸಿಯ ಪ್ರವೀಣ, ನಮ್ಮ ಕುಂದಾಪುರ ಕಡೆಯವನೇ, ಮುಂದಿನ ಹಡಗಿನ ದಿನ ಬೆಳಿಗ್ಗೆಯೇ ಬಂದ. "ಅಣ್ಣ, ಈ ಅಜ್ಜಂದಿರನ್ನು ಸ್ವಲ್ಪ ಆಚೆ ಕಳಿಸಿ. ಬೆಂಚು ಖಾಲಿ ಇಲ್ದಿದ್ರೆ ಬಸ್ಸು ಇಲ್ಲಿ ನಿಲ್ಸುದಿಲ್ಲ."

ಬೂ ರಾಶಿದ್ ಅವನ ಕೈಸನ್ನೆ ನೋಡಿ, ಏನಂತೆ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದರು. ಹೇಳಿದೆ.

"ನನ್ನನ್ನೂ ಹಡಗಿಗೆ ಹತ್ತಿಸಲಿ, ಊಟ ಪುಕ್ಕಟೆಯಂತಲ್ಲ!" ಎಂದು ನಕ್ಕರು. ದಿನಾ ಮೂರು ಸಲ ಸುರಿಸಿಕೊಳ್ಳುವವರು, ಒಂದೇ ಗುಟುಕಿಗೆ ಮುಗಿಸಿ ಕಪ್ಪು ಅಲ್ಲಾಡಿಸಿ ಎದ್ದೇಬಿಟ್ಟರು. ನನ್ನ ಅಂಗಡಿ ಉಳಿಯಲಿ ಎಂದು.

ನನಗೆ ಪಿತ್ತ ನೆತ್ತಿಗೇರಿತು. "ಕೂತ್ಕೊಳ್ಳಿ!" ಎಂದು ಕನ್ನಡದಲ್ಲೇ ಗದರಿ, ಹೆಗಲು ಹಿಡಿದು ಕೂರಿಸಿದೆ. ಕಪ್ಪು ಅಲ್ಲಾಡಿಸಿದವರಿಗೆ ಮತ್ತೆ ಸುರಿಯಬಾರದು. ಸುರಿದೆ. ಪ್ರವೀಣನ ಕಡೆ ತಿರುಗಿದೆ.

"ನಿನ್ನ ಮನೆಯಲ್ಲಿ ಅಜ್ಜನನ್ನು ಎಬ್ಬಿಸಿ, ಫೋಟೋ ಹೊಡೆಯುವವರನ್ನು ಕೂರಿಸ್ತೀಯಾ? ನಿನ್ನ ಬಸ್ಸೇ ಬೇಡ, ಹೋಗು."

"ಆಮೇಲೆ ನನ್ನನ್ನು ಹೇಳ್ಬೇಡಿ ಅಣ್ಣ."

"ಹೇಳುದಿಲ್ಲ. ಬನ್ಸ್ ತಿಂದು ಹೋಗು."

ತಿಂದ. ಹಸಿದಿದ್ದ, ಪಾಪ. ಅವನದ್ದೂ ಹೊಟ್ಟೆಪಾಡು. ಆದರೆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಬಸ್ಸು ಮತ್ತೆ ನಿಲ್ಲಲಿಲ್ಲ. ಬಾಡಿಗೆಗೆ ದಾರಿಯಿಲ್ಲದೆ ಅರ್ಧ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಟ್ಟೆ. ಊರಿಗೆ ಬಂದುಬಿಡು ಅನ್ನುತ್ತೀರಿ. ಬಂದರೆ ನೀವೇ ನನ್ನನ್ನು "ಬಹ್ರೈನಿನವ" ಅನ್ನುತ್ತೀರಿ. ಇಲ್ಲಿ ನಾನು "ಹಿಂದಿ", ಅಂದರೆ ಇಂಡಿಯಾದವ.

ಈಗ ನನಗಿರುವುದು: ಅರ್ಧ ಅಂಗಡಿ, ಒಂದು ಒಲೆ, ಎರಡು ಬೆಂಚು. ಪಕ್ಕದ ಬುಸೈತೀನ್‌ನಲ್ಲಿ ಬಾಡಿಗೆಯ ಒಂದು ಕೋಣೆ. ಕಾಪುವಿನಲ್ಲಿ ಐದು ಸೆಂಟ್ಸ್ ಜಾಗ. ಬೆಳಿಗ್ಗೆ ಬಂದು ಕೂರುವ ನಾಲ್ಕು ಮುದುಕರು.