ಗಿಡ ಕೀಳುವ ಝರೆಪ್ಪ

ಝರೆಪ್ಪನ ಬಲಗೈಗೆ ಒಂದು ಚಟವಿತ್ತು. ಎಲ್ಲಿ ಎಳೆ ಸಸಿ ಕಂಡರೂ ಅದು ತಾನೇ ಮುಂದೆ ಹೋಗಿ, ಬುಡಕ್ಕೆ ಎರಡು ಬೆರಳು ಹಾಕಿ, ಬೇರು ಸಮೇತ ಕಿತ್ತುಬಿಡುತ್ತಿತ್ತು. ಒಮ್ಮೆ ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಗೆ ಬಂದವನು, ಚಹಾ ಬರುವಷ್ಟರಲ್ಲಿ ನನ್ನ ಹೆಂಡತಿ ಅಂಗಳದಲ್ಲಿ ಹಚ್ಚಿದ್ದ ನುಗ್ಗೆ ಸಸಿಯನ್ನು ಕಿತ್ತು, ಮಣ್ಣು ಝಾಡಿಸಿ, ಬೇರು ಎಷ್ಟುದ್ದ ಇದೆ ಎಂದು ಗೇಣು ಹಾಕುತ್ತ ಕುಳಿತಿದ್ದ. ಅವಳು ಕೂಗಾಡಿದಾಗ, "ತಪ್ಪಾಯ್ತರಿ ಅಕ್ಕೋರ, ಇದು ಕಟ್ಟಿ ಅಲ್ಲ ಅನ್ನೋದು ಕೈಗಿ ನೆನಪಾಗಲಿಲ್ರಿ" ಎಂದ. ಅವತ್ತಿನಿಂದ ಅವನು ಬಂದರೆ ಅವಳು ತುಳಸಿ ಕಟ್ಟೆಯ ಮುಂದೆ ನಿಂತೇ ಮಾತಾಡಿಸುತ್ತಿದ್ದಳು.

ಅವನು ಹೇಳಿದ ಕಟ್ಟಿ ಇರುವುದು ಔರಾದ ತಾಲೂಕಿನಲ್ಲಿ, ಚಿಂತಾಕಿಯ ಆಚೆ, ಎರಡು ಗುಡ್ಡಗಳ ನಡುವೆ. ಮಣ್ಣಿನ ಅಣೆಕಟ್ಟು. ಝರೆಪ್ಪ ಅಲ್ಲಿ ದಿನಗೂಲಿಯ ಕಾವಲುಗಾರ. ನಾನು ಭಾಲ್ಕಿಯಿಂದ ವರ್ಗವಾಗಿ ಬಂದು, ಆ ಕಟ್ಟೆಯನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನೋಡಿಕೊಳ್ಳುವುದು ಎಂದರೆ ಕಡತದಲ್ಲಿ ನೋಡಿಕೊಳ್ಳುವುದು. ನನ್ನ ಅಕ್ಷರ ಮುತ್ತು ಪೋಣಿಸಿದಂತೆ ಇದ್ದುದರಿಂದ ಹೊರಗೆ ಹೋಗುವ ಪತ್ರಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. ಆ ಬಗ್ಗೆ ನನಗೆ ಜಂಬವೂ ಇತ್ತು.

ಆಗ ಬರದ ಮೇಲೆ ಬರ. ಹೈದರಾಬಾದಿನ ಬಸ್ಸುಗಳ ನೆತ್ತಿಯ ಮೇಲೆ ಸ್ಟವ್ವು, ಹಾಸಿಗೆ, ರೊಟ್ಟಿ ಬಡಿಯುವ ಹಲಗೆ ಹೇರಿಕೊಂಡು ಜನ ಹೊರಟಿದ್ದರು. ಝರೆಪ್ಪನ ಹೆಂಡತಿಯೂ ತನ್ನ ತಮ್ಮನ ಜೊತೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಇವನು ಮಾತ್ರ ಅಲುಗಲಿಲ್ಲ. ಖಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಆ ಪಟ್ಟಿ ನನ್ನ ಮೇಜಿನ ಮೇಲೇ ಇತ್ತು. ಖಾಯಂ ಆದರೆ ಹೆಂಡತಿಯನ್ನು ವಾಪಸ್ ಕರೆಸಬೇಕೆಂಬುದು ಅವನ ಲೆಕ್ಕ. ಅಲ್ಲಿಯವರೆಗೆ ಬಿರುಕು ಬಿಟ್ಟ ಕಟ್ಟೆಯ ಮೇಲೆ ದಿನಕ್ಕೆ ಎರಡು ಸಲ ನಡೆದು ಸಸಿ ಕೀಳುವುದು, ಇಲಿಯ ಬಿಲಕ್ಕೆ ಮಣ್ಣು ಗಿಡಿದು ಮುಚ್ಚುವುದು.

"ನೀರಿಲ್ಲದ ಕಟ್ಟಿ ಕಾಯೋದಂದ್ರ ಎಮ್ಮಿ ಸತ್ತ ಮ್ಯಾಲ ಕೊಟ್ಟಗಿ ಕಾದಂಗ" ಎಂದು ಊರವರು ನಗುತ್ತಿದ್ದರು.

"ಎಮ್ಮಿ ಬಂದ ದಿನಾ ಕೊಟ್ಟಗಿ ಬಿದ್ದಿರಬಾರ್ದಲ್ರಿ" ಎನ್ನುತ್ತಿದ್ದ ಝರೆಪ್ಪ.

ನಾನೊಮ್ಮೆ ಕಟ್ಟೆಗೆ ಹೋದಾಗ ಪಾಠವನ್ನೇ ಮಾಡಿದ. "ಗಿಡದ ಬೇರ ಒಳಗ ಹೋಗ್ತದರಿ. ಅದು ಸತ್ತು ಕೊಳತ ಮ್ಯಾಲ ಪೊಳ್ಳ ನಳಗಿ ಆಗ್ತದ. ನೀರಿಗಿ ಮತ್ತೇನ ಬೇಕ್ರಿ? ಸಣ್ಣ ದಾರಿ ಸಿಕ್ರ ಮದಿವಿ ಬಾರಾತ ಕಟ್ಕೊಂಡ ಬರ್ತದ." ಆಮೇಲೆ ಕಟ್ಟೆಯ ಹಿಂಬದಿಯ ಬುಡ ತೋರಿಸಿದ. "ಬ್ಯಾಸಗ್ಯಾಗ ಇಲ್ಲಿ ಹುಲ್ಲ ಹಸರ ಕಂಡ್ರ ಖುಷಿ ಪಡಬ್ಯಾಡ್ರಿ. ಅದು ಹುಲ್ಲಲ್ಲ, ನೀರ ಬರದ ಚಿಠ್ಠಿ." ನಾನು ಓದು ಬಲ್ಲವನು. ಓದು ಬಾರದವನ ಚಿಠ್ಠಿಯ ಮಾತಿಗೆ ಹೂಂಗುಟ್ಟಿ ಬಂದೆ.

ಆ ವರ್ಷವೇ ನಮ್ಮ ಕಚೇರಿಗೆ ಹಸಿರಿನ ಮೇಲೆ ಪ್ರೀತಿ ಉಕ್ಕಿತು. ಬೀದರಿನಿಂದ ಒಬ್ಬ ದೊಡ್ಡ ಮನುಷ್ಯರನ್ನು ಕರೆಸಿ, ಕಟ್ಟೆಯ ನೆತ್ತಿಯ ಮೇಲೆಯೇ ಐದು ಬೇವಿನ ಸಸಿ ನೆಡಿಸಿದರು. ಸುತ್ತ ಕಬ್ಬಿಣದ ಜಾಳಿಗೆ, ಮೇಲೆ ಅತಿಥಿಗಳ ಹೆಸರಿನ ಫಲಕ. ಫಲಕದ ನೆರಳಿನಲ್ಲಿ ಸಸಿ ಕಾಣುತ್ತಿರಲಿಲ್ಲ. ಊರಿಗೆ ವಾರಕ್ಕೊಮ್ಮೆ ಬರುತ್ತಿದ್ದ ನೀರಿನ ಟ್ಯಾಂಕರು ಸಸಿಗಳಿಗೆ ದಿನಾಲೂ ಬರತೊಡಗಿತು. ಅವುಗಳನ್ನು ಬೆಳೆಸುವ ಹೊಣೆ ಝರೆಪ್ಪನದು ಎಂಬ ಆದೇಶವನ್ನು ಬರೆದವನು ನಾನೇ.

ಝರೆಪ್ಪ ತಕರಾರಿಲ್ಲದೆ ಹೆಬ್ಬೆಟ್ಟು ಒತ್ತಿ ಹೋದ. ಅದು ಅವನ ಸ್ವಭಾವವಲ್ಲ ಎಂದು ನನಗಾದರೂ ಹೊಳೆಯಬೇಕಿತ್ತು.

ಸಸಿಗಳು ಹುಲುಸಾಗಿ ಬೆಳೆದವು. ತಿಂಗಳಿಗೊಮ್ಮೆ ನಮ್ಮ ಕಚೇರಿಯ ಸಾಹೇಬರು ಟೇಪು ಹಿಡಿದು ಅಳೆದರೆ ಪ್ರತಿ ಸಲವೂ ನಾಲ್ಕು ಬೆರಳು ಹೆಚ್ಚು. ಸುತ್ತ ಹತ್ತು ಹಳ್ಳಿಯಲ್ಲಿ ಜಾಲಿ ಮುಳ್ಳೂ ಒಣಗಿ ನಿಂತಿದ್ದಾಗ ಈ ಐದು ಮಾತ್ರ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿದ್ದವು. ಸಾಹೇಬರು ಹೇಳಿದರು, ನಾನು ಬರೆದೆ: "ಸಿಬ್ಬಂದಿಯ ಅವಿರತ ಶ್ರಮದಿಂದ." ಬೀದರಿನಲ್ಲಿ ಸಮಾರಂಭ ಮಾಡಿ ಝರೆಪ್ಪನಿಗೆ ಶಾಲು ಹೊದಿಸಿ 'ಹಸಿರು ಸೇವಕ' ಎಂದು ಕರೆದರು. ಜೀವಮಾನವಿಡೀ ಗಿಡ ಕಿತ್ತವನು ವೇದಿಕೆಯ ಮೇಲೆ ಕೈಕಟ್ಟಿ ನಿಂತು, ಕುಂಡದಲ್ಲಿದ್ದ ಕ್ರೋಟನ್ ಗಿಡವನ್ನೇ ದುರುಗುಟ್ಟಿ ನೋಡುತ್ತಿದ್ದ.

ಮುಂದಿನ ವರ್ಷ ಆ ದೊಡ್ಡ ಮನುಷ್ಯರು ತಮ್ಮ ಕೈಯಾರೆ ನೆಟ್ಟ ಸಸಿಯ ಜೊತೆ ಫೋಟೋ ತೆಗೆಸಿಕೊಳ್ಳಲು ಮತ್ತೆ ಬಂದರು. ಜಾಳಿಗೆ ತೆಗೆಸಿ, ಮಗುವಿನ ಗಲ್ಲ ಹಿಡಿದಂತೆ ಗಿಡವನ್ನು ಹಿಡಿದು ತಮ್ಮ ಕಡೆಗೆ ಬಾಗಿಸಿದರು. ಗಿಡ ಬಾಗಲಿಲ್ಲ, ಕೈಗೇ ಬಂತು. ಬುಡದಲ್ಲಿ ಬೇರಿಲ್ಲ. ಕುಡಗೋಲಿನಿಂದ ಓರೆಯಾಗಿ ಕೊಯ್ದ ಹಸಿ ಗಾಯ. ಫೋಟೋದವನು ಅಭ್ಯಾಸಬಲದಿಂದ ಒತ್ತಿಯೇಬಿಟ್ಟ.

ಉಳಿದ ನಾಲ್ಕನ್ನೂ ಎಳೆದು ನೋಡಿದರು. ನಾಲ್ಕೂ ದೂರದ ರಸ್ತೆ ಬದಿಯ ಬೇವಿನ ಮರದ ಟೊಂಗೆಗಳು. ನೆಟ್ಟ ಮರುದಿನವೇ ಝರೆಪ್ಪ ಸಸಿಗಳನ್ನು ಕಿತ್ತು ಕೆಳಗೆ ಹೊಲದ ಬದುವಿಗೆ ಹಚ್ಚಿದ್ದ. ಪ್ರತಿ ತಪಾಸಣೆಯ ಬೆಳಿಗ್ಗೆ ಹಿಂದಿನದಕ್ಕಿಂತ ನಾಲ್ಕು ಬೆರಳು ಉದ್ದದ ಟೊಂಗೆ ತಂದು ಜಾಳಿಗೆಯೊಳಗೆ ಚುಚ್ಚುತ್ತಿದ್ದ. ಟ್ಯಾಂಕರಿನ ನೀರು ಊರಲ್ಲಿ ಉಳಿದಿದ್ದ ಮುದುಕಿಯರ ಕೊಡ ಸೇರುತ್ತಿತ್ತು.

"ಇದೇನೋ ಇದು?" ಎಂದರು ಸಾಹೇಬರು.

"ಕಟ್ಟಿ ಮ್ಯಾಲ ಗಿಡಾ ಬೆಳೀಬಾರ್ದ್ರಿ ಸಾಹೇಬ್ರ. ನಿಮಗ ಗಿಡಾ ಕಾಣಬೇಕಾಗಿತ್ತು, ಕಟ್ಟಿಗಿ ಗಿಡಾ ಇರಬಾರ್ದಾಗಿತ್ತು. ಇಬ್ಬರ್ದೂ ನಡಸೀನ್ರಿ."

ನನಗೆ ನಗು ತಡೆಯಲಾಗದೆ ಕೆಮ್ಮಿದೆ. ಆದರೆ ಮಾರನೆಯ ದಿನ ಅವನನ್ನು ಕೆಲಸದಿಂದ ತೆಗೆದ ಪತ್ರವನ್ನು ನಾನೇ ಬರೆದೆ. ಖಾಯಂ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದದ್ದೂ ನಾನೇ, ಸ್ಕೇಲು ಇಟ್ಟು. ಓದಿ ಹೇಳಿರಿ ಎಂದ, ಓದಿದೆ. ಪತ್ರವನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ, "ನಿಮ್ಮ ಅಕ್ಷರ ಭಾಳ ಚಂದ ಅವರಿ" ಎಂದ. ಅವತ್ತು ನನಗಾದ ನಾಚಿಕೆ ಇವತ್ತಿಗೂ ಹೋಗಿಲ್ಲ. ಹೋಗದ ನಾಚಿಕೆ ಬೇರೆ, ಪತ್ರ ಬರೆಯುವುದನ್ನು ಬಿಡದ ಕೈ ಬೇರೆ.

ಅವನು ಹೈದರಾಬಾದಿನ ಬಸ್ಸು ಹತ್ತಿದ. ಕಟ್ಟೆಯ ಮೇಲೆ ಈ ಸಲ ಐವತ್ತು ಸಸಿ ನೆಟ್ಟರು, ಬೇರು ಇರುವಂಥವನ್ನೇ. ಹೊಸ ಕಾವಲುಗಾರ ವಿಧೇಯ. ಎಲ್ಲವೂ ಬದುಕಿದವು.

ಕೆಲವು ವರ್ಷಗಳ ನಂತರ ಮಳೆಯಾಗಿ ಕಟ್ಟೆ ತುಂಬಿತು. ಮುಂದಿನ ಬೇಸಿಗೆಯಲ್ಲಿ ಒಂದು ದಿನ ಬೀದರ ಬಸ್ ನಿಲ್ದಾಣದಲ್ಲಿ ಝರೆಪ್ಪ ಸಿಕ್ಕ. ಹೈದರಾಬಾದಿನ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದ, ತಲೆ ಪೂರಾ ಬೆಳ್ಳಗಾಗಿತ್ತು. ಯಾವುದೋ ದೊಡ್ಡ ಕಟ್ಟಡದ ವಾಚ್‌ಮನ್ ಆಗಿದ್ದನಂತೆ.

"ಕಟ್ಟಿ ಹ್ಯಾಂಗದರಿ?"

"ಭಾರಿ ಆಗಿದೆ. ಮರಗಳ ನೆರಳು ನೋಡಬೇಕು ನೀನು" ಎಂದೆ. ಅವನ ಮುಖ ಸಣ್ಣದಾಯಿತು. ಸಮಾಧಾನಕ್ಕೆಂದು ಹೇಳಿದೆ: "ಇಂಥ ಬಿಸಿಲಲ್ಲೂ ಹಿಂಬದಿಯಲ್ಲಿ ಹುಲ್ಲು ಹಸಿರಾಗಿದೆ. ಊರ ದನ ಎಲ್ಲ ಅಲ್ಲೇ ಮೇಯುತ್ತವೆ."

ಝರೆಪ್ಪ ಎದ್ದು, ಮೇಲಿನಿಂದ ಚೀಲ ಇಳಿಸಿಕೊಂಡು, ಹೊರಟ ಬಸ್ಸಿನಿಂದ ಕೆಳಗಿಳಿದ.

ಔರಾದ ಬಸ್ಸು ಹಿಡಿದು ಇಬ್ಬರೂ ಹೋದೆವು. ದಾರಿಯಲ್ಲಿ ಒಂದು ಹೋಟೆಲಿನಿಂದ ಗಾಜಿನ ಗ್ಲಾಸು ಕೇಳಿ ತಂದಿದ್ದ. ಕಟ್ಟೆಯ ಬುಡದ ಹುಲ್ಲು ಸರಿಸಿದರೆ ಕಿರುಬೆರಳಿನ ಗಾತ್ರದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಗ್ಲಾಸಿನಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು, ಒಂದು ಬೀಡಿ ಪೂರಾ ಸೇದಿದ. ಆಮೇಲೆ ಬಿಸಿಲಿಗೆ ಎತ್ತಿ ತಳ ನೋಡಿದ.

"ತಿಳಿ ಅದ. ಇನ್ನ ಟೈಮ್ ಅದರಿ. ತಳದಾಗ ಮಣ್ಣ ಕೂಡಾಕ ಹತ್ತಿದ ದಿನಾ ಕಟ್ಟಿ ಒಳಗಿಂದ ಕರಗಲತದ ಅಂತ ತಿಳೀರಿ. ಅವತ್ತ ನನಗ ಹೇಳ್ರಿ, ನಾ ಬರ್ತೇನಿ."

ಯಾವ ಕೆಲಸದವನೆಂದು ಬರುತ್ತೀಯ ಎಂದು ಕೇಳಬೇಕೆನಿಸಿತು. ಗ್ಲಾಸನ್ನು ನನ್ನ ಕೈಗೆ ಕೊಟ್ಟು ಅವನು ಸಂಜೆಯ ಬಸ್ಸಿಗೆ ಹೋದ. ಎರಡು ವರ್ಷದ ಮೇಲೆ ಹೈದರಾಬಾದಿನಲ್ಲೇ ತೀರಿಕೊಂಡನೆಂದು ಅವನ ಹೆಂಡತಿಯ ತಮ್ಮ ಹೇಳಿದ.

ನಾನು ನಿವೃತ್ತನಾಗಿದ್ದೇನೆ. ಪ್ರತಿ ಬೇಸಿಗೆಯೂ ಅದೇ ಗ್ಲಾಸು ಹಿಡಿದು ಕಟ್ಟೆಗೆ ಹೋಗುತ್ತೇನೆ. ಬೀಡಿ ಸೇದುವ ಚಟವಿಲ್ಲದ್ದರಿಂದ ಗಡಿಯಾರ ನೋಡುತ್ತೇನೆ. ಈ ಬೇಸಿಗೆ ತಳದಲ್ಲಿ ಉಗುರಿನಷ್ಟು ಕಪ್ಪು ಮಣ್ಣು ಕೂತಿತ್ತು.

ಕಚೇರಿಗೆ ನನ್ನ ಚಂದದ ಅಕ್ಷರದಲ್ಲಿ ಅರ್ಜಿ ಬರೆದೆ. ವಾರದಲ್ಲಿ ಉತ್ತರ ಬಂತು: "ತಮ್ಮ ಪತ್ರ ತಲುಪಿದೆ. ವಿಷಯವು ಪರಿಶೀಲನೆಯಲ್ಲಿದ್ದು, ಸಾರ್ವಜನಿಕರು ಆತಂಕಪಡುವ ಕಾರಣವಿಲ್ಲ." ಒಂದಕ್ಷರವೂ ಬದಲಾಗಿಲ್ಲ. ಆ ನಮೂನೆಯನ್ನು ಬರೆದಿಟ್ಟು ಬಂದವನು ನಾನೇ.