ಗೋಣಿ ಗ್ಲೌಸ್

ಆಲೂರಿನ ಬಸ್ಸಿನಲ್ಲಿ ಪಕ್ಕದವರು ಮಂಡಿಗೆ ನೋವಿನ ಎಣ್ಣೆ ತಿಕ್ಕಿಕೊಂಡರೆ ಸಾಕು, ಆ ಕರ್ಪೂರದ ಘಾಟಿಗೆ ನನಗೆ ಅಪ್ಪನ ಬೆರಳುಗಳು ನೆನಪಾಗುತ್ತವೆ. ಭಾನುವಾರ ಸಂಜೆ ಅವಕ್ಕೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಗಿತ್ತು. ಹತ್ತರಲ್ಲಿ ನಾಲ್ಕು ಸೊಟ್ಟ. ವಾರವಿಡೀ ಕಾಫಿಗಿಡದ ಚಿಗುರು ತೆಗೆದು, ಭಾನುವಾರ ಎಸ್ಟೇಟಿನ ಕ್ರಿಕೆಟ್ ಟೀಮಿಗೆ ವಿಕೆಟ್ ಹಿಂದೆ ಕೂರುತ್ತಿದ್ದ. ನಾಲ್ಕು ಎಸ್ಟೇಟ್ ಬದಲಿಸಿದ, ನಾಲ್ಕರಲ್ಲೂ ಅವನು ಎರಡನೇ ಕೀಪರ್. ಪ್ರಾಕ್ಟೀಸಿಗೆ ಅಪ್ಪ, ಮ್ಯಾಚಿಗೆ ಬಂಗಲೆಯವರು. ಟೀಮಿಗಿದ್ದದ್ದು ಒಂದೇ ಜೊತೆ ಚರ್ಮದ ಗ್ಲೌಸ್. ನಮ್ಮ ಜಾತಿಯವರ ಬೆವರು ಅದಕ್ಕೆ ತಾಗಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವ್ವ ಕಾಫಿ ಗೋಣಿ ಕತ್ತರಿಸಿ, ಒಳಗೆ ಹಳೇ ಸೀರೆ ತುರುಕಿ, ದಬ್ಬಣದಲ್ಲಿ ಹೊಲಿದುಕೊಟ್ಟ ಗ್ಲೌಸಿನಲ್ಲೇ ಅಪ್ಪ ಆ ಕಲ್ಲಿನಂಥ ಚೆಂಡು ಹಿಡಿಯುತ್ತಿದ್ದ. ಒಂದೇ ಒಂದು ಮ್ಯಾಚ್ ಆಡಬೇಕು ಎಂಬ ಆಸೆ ಇಲ್ಲದಿದ್ದರೆ ಯಾವ ಮನುಷ್ಯ ಅಷ್ಟು ಪೆಟ್ಟು ತಿಂದಾನು? "ದೇವ್ರು ವರ ಕೊಟ್ರೂ ಪೂಜಾರಿ ಕೊಡಾಕಿಲ್ಲ ಬುಡು," ಎಂದು ಅವ್ವ ಗೊಣಗುತ್ತಿದ್ದಳು.

ಕೊನೆಗೊಮ್ಮೆ ಸಕಲೇಶಪುರದ ಮೈದಾನದಲ್ಲಿ, ಮ್ಯಾಚಿನ ನಡುವೆ, ಕೀಪರ್ ಆಗಿದ್ದ ಸಾಹುಕಾರರ ಅಳಿಯನ ಹುಬ್ಬಿಗೆ ಚೆಂಡು ಬಡಿಯಿತು. ಬೇರೆ ದಾರಿಯಿಲ್ಲದೆ ಅಪ್ಪನನ್ನು ಕರೆದರು. ಅವನು ಗೋಣಿ ಗ್ಲೌಸ್ ತೊಟ್ಟು ಹೊರಟಾಗ ಎದುರು ಟೀಮಿನವರು ಗೊಳ್ಳೆಂದು ನಕ್ಕರು. ಎಸ್ಟೇಟಿನ ಮಾನ ಹೋಗುತ್ತದೆಂದು ಕ್ಯಾಪ್ಟನ್ ಚರ್ಮದ ಜೊತೆಯನ್ನೇ ಅವನತ್ತ ಎಸೆದ. ಅಪ್ಪ ಎರಡು ಕ್ಯಾಚ್ ಹಿಡಿದ. ಬೇಲಿಯಾಚೆ ನಿಂತಿದ್ದ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾವು ಗೆದ್ದೆವು.

ಮರುದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಮ್ಮ ಕೂಲಿ ಲೈನಿಗೆ ಬಂದು ಆ ಚರ್ಮದ ಗ್ಲೌಸನ್ನು ನಮ್ಮ ಬಾಗಿಲಲ್ಲಿ ಹಾಕಿದರು. "ಇಟ್ಕಳೋ, ನಿಂಗೇ ಅಂತೆ. ಅವ್ರು ಹೊಸದು ತರಿಸ್ತಾವ್ರೆ." ಅಪ್ಪನಿಗೆ ಬಹುಮಾನ ಬಂತೆಂದು ನಾನು ಲೈನಿನುದ್ದಕ್ಕೂ ಕುಣಿದೆ, ಶಾಲೆಯಲ್ಲಿ ಜಂಬ ಕೊಚ್ಚಿಕೊಂಡೆ. ಮುಂದಿನ ಭಾನುವಾರ ಅವನು ಮತ್ತೆ ಗೋಣಿಯದ್ದನ್ನೇ ಎತ್ತಿಕೊಂಡಾಗ ಮಾತ್ರ ಸಿಟ್ಟು ಬಂತು. "ಬಹುಮಾನದ್ದು ಹಾಕ್ಕಳಪ್ಪ," ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದ. "ಸವ್ದೋಯ್ತದೆ ಕಣ್ ಮಗ. ಇರ್ಲಿ ಬುಡು."

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ; ಲೈನ್ ಕೆಡವಿ ಹೋಂಸ್ಟೇ ಕಟ್ಟಿದ್ದಾರೆ. ಯಾರ ಮೇಲೆಂದು ಸಿಟ್ಟಾಗುವುದು, ಅದೂ ಸಾಕಾಗಿದೆ. ಅಪ್ಪ ಕೈಯಿಟ್ಟ ಗ್ಲೌಸಿನೊಳಗೆ ತಾವು ಮತ್ತೆ ಕೈಯಿಡಲಾರದೆ ಬಂಗಲೆಯವರು ಎಸೆದದ್ದು ಅದು ಎಂದು ತಿಳಿಯಲು ನಾನು ಕಾಲೇಜು ಮೆಟ್ಟಿಲು ಹತ್ತಬೇಕಾಯಿತು. ಅಪ್ಪನಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ, ನನ್ನ ಮುಂದೆ ಅದನ್ನು ಕೊನೆಯವರೆಗೂ ಬಹುಮಾನವೆಂದೇ ಕರೆದ.