ಕೆನ್ನೆಗೆ ಹಿಡಿದ ಮರ

ಅಥವಾ ಅದು ಎಡಗೆನ್ನೆಯೇ ಇರಬಹುದು. ಬಲಗೆನ್ನೆ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಮರದ ತುಂಡೊಂದನ್ನು ಎತ್ತಿ ಕೆನ್ನೆಗೆ ಆನಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ದೂರದಿಂದ ಯಾರೋ ಕರೆದದ್ದನ್ನು ಆಲಿಸುವವರ ಹಾಗೆ ಖಾಲಾ ಕೂರುತ್ತಿದ್ದರು. ಮರ ಕಡೆಯುವ ಅವರ ಲೇತ್ ಕಿಟಕಿಯ ಪಕ್ಕದಲ್ಲಿತ್ತು, ನನ್ನದು ಅವರ ಎಡಕ್ಕೆ. ನನಗೆ ಕಾಣುತ್ತಿದ್ದದ್ದು ಅವರ ಎಡಗೆನ್ನೆ ಮಾತ್ರ. ಹಾಗಿದ್ದರೆ ಬಲಗೆನ್ನೆಯ ಮೇಲಿನ ಮರವನ್ನು ನಾನು ನೋಡಿದ್ದಾದರೂ ಹೇಗೆ? ಕೆನ್ನೆಗೆ ಅಂಟಿರುತ್ತಿದ್ದ ಬಿಳಿಯ ಮರದ ಪುಡಿಯೊಂದೇ ಖಚಿತ. ಊಟಕ್ಕೆ ಕೂತಾಗಲೂ ಅದನ್ನು ಅವರು ಒರೆಸಿಕೊಳ್ಳುತ್ತಿರಲಿಲ್ಲ.

ಖಾಲಾ ಎಂದರೆ ಚಿಕ್ಕಮ್ಮ. ನನಗೆ ಅವರು ಸಂಬಂಧವೇನಲ್ಲ. ಚನ್ನಪಟ್ಟಣದಲ್ಲಿ ನಾನು ಕೆಲಸಕ್ಕೆ ಸೇರಿದ ಬೊಂಬೆ ಶೆಡ್ಡಿನಲ್ಲಿ ಎಲ್ಲರಿಗೂ ಅವರು ಖಾಲಾ, ಅವರಿಗಿಂತ ಎರಡು ವರ್ಷಕ್ಕಷ್ಟೇ ಚಿಕ್ಕವರಾದ ಓನರಿಗೂ. ಮದುವೆಯಾಗಿ ಬಂದ ಮನೆಯಲ್ಲಿ ಮಾವನಿಂದ ಕೆಲಸ ಕಲಿತವರು. ನಾನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ, ಬೆಳಗಿನ ರೈಲು ಹಿಡಿದು ಇಲ್ಲಿಗೆ ಬರತೊಡಗಿದವಳು.

ನಮ್ಮ ಬೊಂಬೆಗಳಿಗೆ ಬಳಸುವುದು ಹಾಲೆ ಮರ. ಕಡಿದು ತಂದು ತಿಂಗಳುಗಟ್ಟಲೆ ಒಣಗಿಸಬೇಕು. ಒಳಗೆ ಹಸಿ ಉಳಿದಿದ್ದರೂ ಬೊಂಬೆ ಮಾಡಿದ ದಿನ ಚೆನ್ನಾಗಿಯೇ ಇರುತ್ತದೆ, ಅರಗಿನ ಬಣ್ಣವೂ ಮಿಂಚುತ್ತದೆ. ಆಮೇಲೆ ಯಾರದೋ ಮನೆಯಲ್ಲಿ, ಯಾವತ್ತೋ ಒಂದು ದಿನ ಸೀಳುತ್ತದೆ. ಒಣಗಿದ ಮರ ಕೆನ್ನೆಗೆ ಬೆಚ್ಚಗಿರುತ್ತದೆ, ಹಸಿ ಮರ ತಣ್ಣಗಿರುತ್ತದೆ. ಕೈಯಲ್ಲೇ ಮುಟ್ಟಿ ನೋಡಬಾರದೇಕೆ ಎಂದು ಒಮ್ಮೆ ಕೇಳಿದ್ದೆ.

“ನಲವತ್ತು ವರ್ಸ ಬಿಸಿ ಅರಗು ಒತ್ತಿರೋ ಬೆರಳು ಕಣವ್ವ. ಇದ್ಕೇನ್ ಗೊತ್ತಾಯ್ತದೆ? ಕೆನ್ನೆ ಇನ್ನೂ ಹಂಗೇ ಐತೆ,” ಅಂದಿದ್ದರು.

ನನ್ನ ಚಟವೆಂದರೆ ಕೇಳುವುದು. ಬುಗುರಿಯ ಮೊನೆ ಸರಿಯಾ, ಹಳದಿ ಸಾಕಾ, ಉಳಿ ಮಸೆಯಬೇಕಾ? ಮಾಗಡಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ನನ್ನ ಜೊತೆಗಾರ್ತಿ ಆಡಿಕೊಳ್ಳುತ್ತಿದ್ದಳು: “ಇವ್ಳು ಮನೇಲಿ ಅನ್ನ ಬೆಂದೈತಾ ಅಂತ್ಲೂ ನಿಮ್ಗೆ ಫೋನ್ ಮಾಡ್ತಾಳೆ ನೋಡ್ತಿರಿ ಖಾಲಾ.”

“ಸರಿ ಐತಾ ಖಾಲಾ?” ಎಂದು ನಾನು ಕೇಳಿದರೆ ಅವರು ತಲೆ ಎತ್ತುತ್ತಿರಲಿಲ್ಲ.

“ನೀನೇನಂತೀಯ?”

“ಗೊತ್ತಿಲ್ಲ.”

“ಹಂಗಾದ್ರೆ ಒಸಿ ಹೊತ್ತು ಹಿಡ್ಕೊಂಡ್ ಕೂತ್ಕೊ. ಗೊತ್ತಾದ್ಮೇಲೆ ಬಾ.”

ಮಧ್ಯಾಹ್ನದ ನಮಾಜು ಮುಗಿಸಿ, ಮಷೀನು ಹಾಕುವ ಮೊದಲು ಖಾಲಾ ಕೆಟ್ಟ ಬೊಂಬೆಗಳ ಬುಟ್ಟಿಯನ್ನು ನಡುವೆ ಇಡುತ್ತಿದ್ದರು. ಅವರವರು ಕೆಡಿಸಿದ್ದನ್ನು ಅವರವರೇ ಎತ್ತಿಕೊಳ್ಳಬೇಕು. ಯಾಕೆ ಕೆಡಿಸಿದೆ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಕೇಳುತ್ತಿದ್ದದ್ದು ಒಂದೇ: “ಕೆಡ್ತದೆ ಅಂತ ಯಾವಾಗ ಗೊತ್ತಾಯ್ತು?”

“ಕೆಟ್ ಮೇಲೆ,” ಎಂದೆ ಮೊದಲ ಸಲ. ಅವರು ಆ ಮುರುಕು ಬುಗುರಿಯನ್ನು ಮತ್ತೆ ನನ್ನ ಅಂಗೈಯಲ್ಲಿಟ್ಟರು. ಮಾರನೆಯ ದಿನವೂ ಅದೇ ಬುಗುರಿ, ಅದೇ ಪ್ರಶ್ನೆ. ಮೂರನೆಯ ದಿನ ನನಗೆ ಹೊಳೆಯಿತು. ಉಳಿ ಜಾರುವ ಮೊದಲೇ ಮರದ ಸದ್ದು ಬದಲಾಗಿತ್ತು. ನಾನು ಕೇಳಿಸಿಕೊಂಡಿದ್ದೆ, ಆದರೂ ಒತ್ತಿದ್ದೆ.

“ಹಂಗಾದ್ರೆ ಮೊದ್ಲೇ ಗೊತ್ತಿತ್ತು. ಯಾಕ್ ನಿಲ್ಲಿಸ್ಲಿಲ್ಲ?”

“ನಿಮ್ಮುನ್ ಕೇಳಿ ನಿಲ್ಲಿಸಾಣ ಅಂತ.”

ಖಾಲಾ ನಕ್ಕರು. “ಅಲ್ಲೀಗಂಟ ಮರ ಕಾಯ್ತದಾ?”

ಮೊನ್ನೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಮಾಗಡಿಯವಳು ರೇಗಿದಳು. “ಏನೇ, ಖಾಲಾನ ದೇವ್ತೆ ಮಾಡ್ಬುಟ್ಟಿದ್ದೀಯಲ್ಲ! ನನ್ ಮೇಲೆ ಒಂದಿನ ಉಳಿ ಎತ್ಕೊಂಡೇ ಬಂದಿದ್ರು ಕಣೇ.” ನನಗೆ ಅದು ನೆನಪೇ ಇಲ್ಲ. ಬೇಕಾದದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೋ ಏನೋ. ಆದ್ದರಿಂದ ಮುಂದಿನದನ್ನೂ ಅಷ್ಟೇ ಎಚ್ಚರದಿಂದ ಓದಿಕೊಳ್ಳಬೇಕು.

ಒಂದು ಜನವರಿಯಲ್ಲಿ ಖಾಲಾ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಅದೇ ವಾರ ಗಿಲಕಿಗಳ ಆರ್ಡರು ಬಂತು. ಶನಿವಾರ ಲೋಡ್ ಆಗಬೇಕು. “ನೀನೇ ನೋಡ್ಕೊ,” ಎಂದರು ಓನರು. ಕನಕಪುರದ ಕಡೆಯಿಂದ ಹೊಸ ಮರ ಬಂದಿತ್ತು. ತೇವ ತೋರಿಸುವ ಸಣ್ಣ ಮೀಟರು ಒತ್ತಿ ನೋಡಿ, ಒಣಗಿದೆ ಎಂದು ಅವರೇ ಇಳಿಸಿಕೊಂಡಿದ್ದರು.

ಒಂದು ತುಂಡನ್ನು ಕೆನ್ನೆಗೆ ಹಿಡಿದೆ. ತಣ್ಣಗಿತ್ತು. ಇನ್ನೊಂದು, ಅದೂ ತಣ್ಣಗೆ. ಆದರೆ ಆ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲವೂ ತಣ್ಣಗಿತ್ತು, ಉಳಿಯ ಹಿಡಿ, ಗೋಡೆ, ನನ್ನ ಕೆನ್ನೆ ಕೂಡ. ಮಾಗಡಿಯವಳ ಕೈಗೆ ಕೊಟ್ಟೆ. “ನಂಗೇನೂ ಗೊತ್ತಾಗಾಕಿಲ್ಲ. ಸಾರೇ ಹೇಳವ್ರಲ್ಲ, ಸುಮ್ಕೆ ಮಾಡು,” ಎಂದಳು. ಖಾಲಾಗೆ ಫೋನು ಮಾಡಿದೆ. ಅವರ ಸೊಸೆ ಫೋನನ್ನು ಅವರ ಕಿವಿಗೆ ಹಿಡಿದಳು.

“ತಣ್ಣಗೈತೆ ಖಾಲಾ.”

“ಹೂಂ.”

“ಮೀಟರಲ್ಲಿ ಸರಿ ಐತಂತೆ.”

“ಹೂಂ.”

“ಏನ್ ಮಾಡ್ಲಿ?”

“ನಾನ್ ಇಲ್ಲಿ ಕಣ್ಗೆ ಪಟ್ಟಿ ಕಟ್ಕೊಂಡ್ ಮಲ್ಗಿವ್ನಿ. ಮರ ನಿನ್ ಕೈಲೈತೆ. ಎಲ್ಲಾರ್ನೂ ಕೇಳಾಯ್ತು. ನಿನ್ನ ಕೇಳ್ಕಂಡಾ?”

ಇಷ್ಟೇ. ಫೋನು ಇಟ್ಟರು.

ನನಗೆ ಸಿಟ್ಟು ಬಂತು. ಆಮೇಲೆ ಹೊಸದೊಂದು ತುಂಡನ್ನೂ ನಮ್ಮಲ್ಲಿದ್ದ ಹಳೆಯ ಒಣ ತುಂಡೊಂದನ್ನೂ ಜಗಲಿಯ ಬಿಸಿಲಿನಲ್ಲಿಟ್ಟು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಹಳೆಯದು ಬೆಚ್ಚಗಾಯಿತು. ಹೊಸದು ಆಗಲಿಲ್ಲ, ಅಥವಾ ಅಷ್ಟು ಆಗಲಿಲ್ಲ. ಕಂಬದ ನೆರಳು ಅದರ ಮೇಲೆ ಬಿದ್ದಿತ್ತೇ ಎಂದು ನಾನು ಆಗ ನೋಡಲಿಲ್ಲ. ಗಿಲಕಿ ಮಗುವಿನ ಬಾಯಿಗೆ ಹೋಗುವ ವಸ್ತು. ಸೀಳಿದರೆ ಒಳಗಿನ ಮಣಿ ಗಂಟಲಿಗೆ. ತಪ್ಪಾಗಿ ನಿಲ್ಲಿಸಿದರೆ ಹೋಗುವುದು ನನ್ನ ಕೆಲಸ. ಆ ಕೆಲಸದ ಮೇಲೆಯೇ ಮನೆ ನಡೆಯುತ್ತಿತ್ತು. ಎರಡನ್ನೂ ಯೋಚಿಸುತ್ತ ಕೂತಿದ್ದಾಗ ಒಂದು ತಿಳಿಯಿತು: ಮೊದಲ ತುಂಡು ಕೆನ್ನೆಗೆ ತಾಗಿದ ಕೂಡಲೇ ನಾನು ಬೇಡ ಅಂದುಕೊಂಡಾಗಿತ್ತು. ಉಳಿದದ್ದೆಲ್ಲ ಆ ಮೇಲಿನ ಓಡಾಟ.

ಎದ್ದು ಹೋಗಿ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿದೆ.

ಓನರು ಬಂದರು. “ಏನಮ್ಮ, ಮಷೀನ್ ಯಾಕ್ ನಿಂತೈತೆ?”

“ಮರ ಹಸಿ ಐತೆ ಸಾರ್. ಗಿಲಕಿ ಮಾಡಕ್ಕಾಗಾಕಿಲ್ಲ.”

“ಖಾಲಾ ಹೇಳಿದ್ರಾ?”

ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಖಾಲಾ ಮಾತಿಗೆ ಅವರು ಎದುರಾಡುತ್ತಿರಲಿಲ್ಲ. ಖಾಲಾ ಕೂಡ ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲವೇನೋ.

“ಇಲ್ಲ ಸಾರ್. ನಾನೇ ಹೇಳ್ತಿರೋದು.”

“ನೀನು? ಮೀಟ್ರಿಗಿಂತ ನಿನ್ ಕೆನ್ನೆ ದೊಡ್ಡದಾ?”

ನಾನು ನೆಟ್ಟಗೆ ನಿಂತು ಉತ್ತರ ಕೊಟ್ಟೆ ಎಂದು ನನ್ನ ನೆನಪು. ನಾನು ಅಳುತ್ತಿದ್ದೆ ಎಂದು ಮಾಗಡಿಯವಳು ಹೇಳುತ್ತಾಳೆ. ಎರಡೂ ನಿಜವಿರಬಹುದು. ಆರ್ಡರು ಬೇರೊಂದು ಶೆಡ್ಡಿಗೆ ಹೋಯಿತು. ಆ ಮರ ಅಟ್ಟ ಸೇರಿತು. ಸೋಮವಾರದಿಂದ ಬರಬೇಡ ಎಂದರು ಓನರು.

ಸೋಮವಾರ ಅದೇ ರೈಲಿಗೆ ಬಂದು, ಶೆಡ್ಡಿಗೆ ಹೋಗದೆ, ಖಾಲಾ ಮನೆಗೆ ಹೋದೆ. ಬ್ಯಾಗಿನಲ್ಲಿ ಆ ಮರದ ಒಂದು ತುಂಡಿತ್ತು. ಖಾಲಾ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ತುಂಡನ್ನು ಕೈಗೆ ಕೊಟ್ಟೆ.

“ಒಂದ್ಸಲ ಹಿಡಿದು ನೋಡಿ ಖಾಲಾ. ನಾನ್ ಮಾಡಿದ್ದು ಸರಿನಾ ತಪ್ಪಾ, ಗೊತ್ತಾಗ್ಲಿ.”

ಅವರು ಅದನ್ನು ಮಡಿಲಿನಲ್ಲಿಟ್ಟುಕೊಂಡರು. ಕೆನ್ನೆಗೆ ಎತ್ತಲಿಲ್ಲ.

“ಗೊತ್ತಾಗಿ ಏನ್ ಮಾಡ್ತೀಯ?”

“ಸಮಾಧಾನ ಆಯ್ತದೆ.”

“ಈಗ ಇಲ್ವಾ?”

ಕೆಲಸ ಹೋಗಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಭಯವಿತ್ತು. ಆದರೂ ಹುಡುಕಿದರೆ, ಭಯದ ಪಕ್ಕದಲ್ಲೇ, ಅದೂ ಇತ್ತು.

“ಐತೆ,” ಎಂದೆ.

“ಹಂಗಾದ್ರೆ ಟೀ ಕುಡಿ,” ಎಂದು ತುಂಡನ್ನು ಗಡಿಯಾರದ ಪಕ್ಕದ ಶೆಲ್ಫಿನಲ್ಲಿಟ್ಟರು.

ಬೇಸಿಗೆಯ ಹೊತ್ತಿಗೆ ಕೈಗಳು ಸಾಲದೆ ಓನರೇ ಕರೆಸಿಕೊಂಡರು. ಅಟ್ಟದ ಮರವನ್ನು ಆಗ ಇಳಿಸಿ ಬುಗುರಿ ಮಾಡಿದೆವು. ಒಂದೂ ಸೀಳಲಿಲ್ಲ. “ನೋಡಮ್ಮ, ಅವತ್ತೂ ಹಿಂಗೇ ಇತ್ತು,” ಎಂದರು ಅವರು. ನಾಲ್ಕು ತಿಂಗಳು ಚಾವಣಿಯ ತಗಡಿನ ಶೀಟಿನ ಕೆಳಗೆ ಕಾದು ಒಣಗಿದ ಮರ ಇನ್ನು ಹೇಗಿರುತ್ತದೆ? ಅವರ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇರಲಿಲ್ಲ. ಅದನ್ನು ಸಾಧಿಸಲು ಅವರ ಬಳಿಯೂ ಇರಲಿಲ್ಲ.

ಮುಂದಿನ ವರ್ಷ ಖಾಲಾ ತೀರಿಕೊಂಡರು. ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡವರು ಮತ್ತೆ ಮಲಗಿದರಂತೆ. ಮಣ್ಣಾದ ಕೆಲವು ದಿನಗಳ ನಂತರ ಹೋದಾಗ ಸೊಸೆ ಆ ತುಂಡನ್ನು ತಂದು ಕೊಟ್ಟಳು. “ಎಸೀಬೇಡ ಅಂದಿದ್ರು. ಇದು ನಿಮ್ದಂತೆ.”

ಈಗ ಅದು ನನ್ನ ಲೇತಿನ ಮೇಲಿದೆ. ಹೊಸಬರು ಬಂದು “ಸರಿ ಐತಾ ಅಕ್ಕ?” ಎಂದಾಗ ಉತ್ತರ ಬಾಯಿಗೆ ಬಂದುಬಿಡುತ್ತದೆ. ತಡೆದುಕೊಳ್ಳುವುದು ನನಗೆ ದಿನವೂ ಕಷ್ಟ.

ಇವತ್ತು ಬೆಳಿಗ್ಗೆ ತುಂಡನ್ನು ಕೆನ್ನೆಗೆ ಹಿಡಿದೆ. ಬೆಚ್ಚಗಿತ್ತು. ಅವತ್ತು ನಿಜಕ್ಕೂ ಹಸಿಯಾಗಿತ್ತೇ, ನನಗೆ ಗೊತ್ತಿಲ್ಲ. ನಾನು ಟೀ ಕುಡಿದು ಹೊರಟ ಮೇಲೆ ಖಾಲಾ ಅದನ್ನು ಒಮ್ಮೆಯಾದರೂ ಕೆನ್ನೆಗೆ ಹಿಡಿದು ನೋಡಿದ್ದರೇ? ಸೊಸೆಯನ್ನು ಕೇಳಿದೆ. ಅವಳು ಗಮನಿಸಿರಲಿಲ್ಲವಂತೆ.